ನಿಮ್ಮ ಪ್ರಶ್ನೆ, ನನ್ನ ಉತ್ತರ: ನೆಟ್ ಹೋದ್ರೂ ಆಡೋಕಾಗ್ಬೇಕು

ಮಡಿಕೇರಿಲಿ ಡಿಗ್ರಿ ಓದ್ತಾ ಈ ಅಂಕಣದಲ್ಲಿ ಗ್ಯಾಜೆಟ್, ಗೇಮಿಂಗ್ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರ ಬರೀತೀನಿ. ಈ ಸಲ ಬಂದಿರೋ ಪತ್ರಗಳು ಹೆಚ್ಚಿನವು ಕೊಡಗಿನೊಳಗಿನವೇ, ಅದು ನಂಗೆ ತುಂಬಾ ಖುಷಿ. ಯಾಕಂದ್ರೆ ರಿವ್ಯೂ ಮಾಡೋರು ಬಹುತೇಕ ದೊಡ್ಡ ಸಿಟಿಲಿ ಕೂತು ಮಾತಾಡ್ತಾರೆ, ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟೂ ನೆಟ್ಟೂ ಒಟ್ಟಿಗೆ ಹೋಗೋ ಊರಲ್ಲಿ ಆ ಸಾಮಾನು ಏನಾಗುತ್ತೆ ಅಂತ ಅವರು ಹೇಳೋದೇ ಇಲ್ಲ. ನಾನು ಯಾವುದೇ ಹೊಸ ವಸ್ತು ನೋಡಿದ್ರೂ ಮೊದಲು ಕೇಳೋದು ಅದನ್ನೇ.

ಪ್ರಶ್ನೆ: ಅಕ್ಕ, ನಾನು ಸೆಕೆಂಡ್ ಪಿಯು. ಕ್ಲೌಡ್ ಗೇಮಿಂಗ್ ಬಂದಿದೆಯಂತೆ, ಟಿವಿಗೆ ಜೋಡಿಸಿ ಆಡೋ ಕನ್ಸೋಲೇ ಬೇಡ್ವಂತೆ, ಫೋನಲ್ಲೇ ದೊಡ್ಡ ದೊಡ್ಡ ಗೇಮ್ ಆಡ್ಬಹುದಂತೆ. ಕನ್ಸೋಲ್‌ಗೆ ಅಂತ ಕೂಡಿಡ್ತಿದ್ದೀನಿ, ನಿಲ್ಲಿಸ್ಲಾ? (ಓದುಗ, ನಾಪೋಕ್ಲು)

ಉತ್ತರ: ನಿಲ್ಲಿಸ್ಬೇಡ ತಮ್ಮ, ಕೂಡಿಡೋದು ನಡೀತಾ ಇರ್ಲಿ. ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ 2025ರ ನವೆಂಬರ್‌ನಲ್ಲಿ ಇಂಡಿಯಾಕ್ಕೂ ಬಂತು, ಅದು ನಿಜ. ಅದರಲ್ಲಿ ಗೇಮ್ ಓಡೋದು ಕಂಪನಿಯವರ ಕಂಪ್ಯೂಟರ್‌ನಲ್ಲಿ, ನಿನ್ನ ಫೋನಿಗೆ ಬರೋದು ಬರೀ ವಿಡಿಯೋ, ನೀನು ಬಟನ್ ಒತ್ತಿದ್ದು ಅಲ್ಲಿಗೆ ಹೋಗಿ ಅದರ ಪರಿಣಾಮ ವಾಪಸ್ ಬರ್ಬೇಕು. ಸೆಕೆಂಡಿಗೆ 60 ಫ್ರೇಮ್ (60 ಚಿತ್ರ) ಅಂದ್ರೆ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್ ಅಷ್ಟೇ ಟೈಮ್, ಉತ್ತರ ಬರೋದು ಅದಕ್ಕಿಂತ ತುಂಬಾ ತಡ ಆದ್ರೆ ಕೈಗೆ ಗೊತ್ತಾಗಿಬಿಡುತ್ತೆ.

ಎಲ್ಲರೂ ಸರ್ವರ್ ದೂರ ಇದೆ ಅಂತ ಬೈತಾರೆ, ಆದ್ರೆ ಲೆಕ್ಕ ಹಾಕಿ ನೋಡು. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತೆ, ಅಂದ್ರೆ 1000 ಕಿಲೋಮೀಟರ್ ಹೋಗಿ ಬರೋಕೆ ಬರೀ 10 ಮಿಲಿಸೆಕೆಂಡ್. ಹಾಗಾಗಿ ಮುಂಬೈ ಸರ್ವರ್ ಆದ್ರೂ ದೂರದಿಂದ ಅಂಥ ತೊಂದ್ರೆ ಇಲ್ಲ. ತೊಂದ್ರೆ ಇರೋದು ಮಧ್ಯದಲ್ಲಿ, ಹಳೇ ಮನೆಯ ದಪ್ಪ ಗೋಡೆ ದಾಟಿ ಬರೋ ವೈಫೈ, ಗುಡ್ಡದ ಮರೆಯಲ್ಲಿರೋ ಒಂದೇ ಟವರ್, ರಾತ್ರಿ 8 ಗಂಟೆಗೆ ಊರಿಗೂರೇ ವಿಡಿಯೋ ನೋಡೋಕೆ ಕೂರೋದು. ಸ್ಪೀಡ್ ಟೆಸ್ಟ್‌ನಲ್ಲಿ 80 ಎಂಬಿಪಿಎಸ್ ತೋರಿಸಿದ್ರೂ ಪಿಂಗ್, ಅಂದ್ರೆ ಸರ್ವರ್‌ಗೆ ಹೋಗಿ ಬರೋಕೆ ಹಿಡಿಯೋ ಮಿಲಿಸೆಕೆಂಡ್, 30, 32, 190, 35 ಅಂತ ಕುಣೀತಿದ್ರೆ ಗೇಮ್ ಆಡೋಕಾಗಲ್ಲ. ಕಂಪ್ಯೂಟರ್ ಇದ್ರೆ ಕಮಾಂಡ್ ಪ್ರಾಂಪ್ಟ್ ತೆಗೆದು ಪಿಂಗ್ ಹಾಕಿ ಬಿಟ್ಟು ನೋಡು, ಬೆಳಿಗ್ಗೆ ನೋಡ್ಬೇಡ, ರಾತ್ರಿ ನೋಡು, ಸರಾಸರಿ ಬಿಟ್ಟು ಅತೀ ಜಾಸ್ತಿ ಬಂದ ನಂಬರ್ ನೋಡು.

ಡೇಟಾ ಲೆಕ್ಕನೂ ಇದೆ. ಇದೇ ಥರದ್ದು ಎನ್‌ವಿಡಿಯಾದ ಜಿಫೋರ್ಸ್ ನೌ, ಅದರಲ್ಲಿ 1080ಪಿ 60 ಫ್ರೇಮ್‌ಗೆ 25 ಎಂಬಿಪಿಎಸ್ ಬೇಕು ಅಂತಾರೆ, ಅಷ್ಟೂ ಎಳೆದ್ರೆ ಗಂಟೆಗೆ 11 ಜಿಬಿ ಮೇಲೆ ಹೋಗುತ್ತೆ, ಮೊಬೈಲ್ ಪ್ಯಾಕ್‌ನ ದಿನದ ಡೇಟಾ ಕಾಲು ಗಂಟೆನೂ ಬರಲ್ಲ. ಇನ್ನೊಂದು ವಿಷಯ, ಗೂಗಲ್ 2019ರಲ್ಲಿ ಸ್ಟೇಡಿಯಾ ಅಂತ ಇದನ್ನೇ ಶುರು ಮಾಡಿತ್ತು, ಗೂಗಲ್‌ನಂಥ ಗೂಗಲ್ ಅದನ್ನ 2023ರ ಜನವರಿ 18ಕ್ಕೆ ಮುಚ್ಚಿಬಿಡ್ತು. ಗೇಮ್ ತಗೊಂಡ ದುಡ್ಡೇನೋ ವಾಪಸ್ ಕೊಟ್ರು, ಆದ್ರೆ ಆಡೋಕೆ ಅಂತ ಕೈಯಲ್ಲಿ ಒಂದು ಗೇಮೂ ಉಳೀಲಿಲ್ಲ. ಮಳೆ ಇಲ್ಲದ ಜನವರಿ ಫೆಬ್ರವರಿಲಿ ಒಂದು ತಿಂಗಳು ಸಬ್‌ಸ್ಕ್ರಿಪ್ಷನ್ ತಗೊಂಡು ಆಡು, ಖುಷಿ ಪಡು, ಆದ್ರೆ ಅದೊಂದನ್ನೇ ನಂಬ್ಕೋಬೇಡ.

ಪ್ರಶ್ನೆ: ಮಗನಿಗೆ ಮೈಸೂರಲ್ಲಿ ಇಂಜಿನಿಯರಿಂಗ್ ಸೀಟ್ ಆಗಿದೆ, ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತ ಹಟ. ಅಂಗಡಿಲಿ ಎರಡು ತೋರಿಸಿದ್ರು, ಎರಡರಲ್ಲೂ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಅಂತಾರೆ, ರೇಟಲ್ಲಿ ಮಾತ್ರ ತುಂಬಾ ವ್ಯತ್ಯಾಸ. ಕಾರ್ಡ್ ಒಂದೇ ಆದ್ಮೇಲೆ ಕಮ್ಮಿದು ತಗೊಂಡ್ರೆ ಆಗಲ್ವಾಮ್ಮ? (ಕಾಫಿ ಬೆಳೆಗಾರರು, ಗೋಣಿಕೊಪ್ಪ)

ಉತ್ತರ: ಅಂಕಲ್, ನೀವು ಕೇಳಿದ್ದು ತುಂಬಾ ಒಳ್ಳೇ ಪ್ರಶ್ನೆ, ಇದನ್ನ ಅಂಗಡಿಯವರು ತಾವಾಗೇ ಹೇಳೋದು ಅಪರೂಪ. ಹೆಸರು ಒಂದೇ ಆದ್ರೂ ಆ ಕಾರ್ಡ್‌ಗೆ ಎಷ್ಟು ವ್ಯಾಟ್ ಕೊಡ್ಬೇಕು ಅಂತ ಲ್ಯಾಪ್‌ಟಾಪ್ ಮಾಡೋ ಕಂಪನಿ ತೀರ್ಮಾನ ಮಾಡುತ್ತೆ, ಲ್ಯಾಪ್‌ಟಾಪ್‌ನ 4060ಗೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದ್ರೂ ಇರ್ಬಹುದು ಅಂತ ಎನ್‌ವಿಡಿಯಾನೇ ಬಿಟ್ಟಿದೆ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವಾಗ ಪೈಪ್ ಒಂದೇ ಇದ್ರೂ ಮೋಟರ್ ಎಷ್ಟು ಎಚ್‌ಪಿ ಅಂತ ಕೇಳ್ತೀರಲ್ಲ, ಹಾಗೆ ಇದು. ತೆಳ್ಳಗೆ ಚಂದ ಕಾಣೋ ಲ್ಯಾಪ್‌ಟಾಪ್‌ಗೆ ಬಿಸಿ ತಡ್ಕೊಳ್ಳೋ ಜಾಗ ಇಲ್ಲ ಅಂತ ವ್ಯಾಟ್ ಕಮ್ಮಿ ಇಡ್ತಾರೆ, ಆಗ ಹೆಸರಿಗೆ 4060 ಆದ್ರೂ ಜಾಸ್ತಿ ವ್ಯಾಟ್ ಇರೋ, ಅದಕ್ಕಿಂತ ಕೆಳಗಿನ ಕಾರ್ಡ್ 4050 ಅದರ ಹತ್ರಹತ್ರ ಬಂದುಬಿಡುತ್ತೆ.

ಅಂಗಡಿಲಿ ಮಷಿನ್ ಆನ್ ಮಾಡಿಸಿ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆಗೆದು ಕೆಳಗೆ ಎಡಗಡೆ ಸಿಸ್ಟಮ್ ಇನ್ಫರ್ಮೇಷನ್ ಅಂತ ಇರುತ್ತೆ, ಅದನ್ನ ಒತ್ತಿದ್ರೆ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅಂತ ಒಂದು ಸಾಲು ಬರುತ್ತೆ, ಅಲ್ಲಿರೋ ನಂಬರ್ ಬರ್ಕೊಳ್ಳಿ. ಎರಡೂ ಮಷಿನ್‌ದು ಬರ್ಕೊಂಡ್ರೆ ರೇಟಿನ ವ್ಯತ್ಯಾಸ ಯಾಕೆ ಅಂತ ಅರ್ಧ ಅಲ್ಲೇ ಗೊತ್ತಾಗುತ್ತೆ. ಉಳಿದ ಅರ್ಧ ಸ್ಕ್ರೀನ್ ಮತ್ತೆ ರ್‍ಯಾಮ್. ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರೋದಾ, ಇಲ್ಲ ಸ್ಲಾಟ್ ಇದೆಯಾ ಕೇಳಿ, ಸ್ಲಾಟ್ ಇದ್ರೆ ಮುಂದೆ ಹೆಚ್ಚು ಹಾಕಿಸ್ಬಹುದು, ನಾಲ್ಕು ವರ್ಷದ ಕೋರ್ಸ್‌ಗೆ ಅದು ಮುಖ್ಯ. ತೂಕನೂ ಕೈಯಲ್ಲಿ ಹಿಡಿದು ನೋಡ್ಲಿ, ಚಾರ್ಜರ್ ಸೇರಿಸಿ ಮೂರು ಕೆಜಿ ಆದ್ರೆ ದಿನಾ ಕ್ಲಾಸಿಗೆ ಹೊತ್ಕೊಂಡು ಹೋಗಲ್ಲ, ಹಾಸ್ಟೆಲ್‌ನಲ್ಲೇ ಇಡ್ತಾನೆ.

ಇನ್ನೊಂದು ಮಾತು ಅಂಕಲ್. ಅವನು ಕೇಳ್ತಿರೋದು ಬರೀ ಆಟಕ್ಕೆ ಅಂತ ಅನ್ಕೋಬೇಡಿ, ಈಗ ಕ್ಯಾಡ್ ಡಿಸೈನ್, ಮಷಿನ್ ಲರ್ನಿಂಗ್ ಪ್ರಾಜೆಕ್ಟ್ ಎಲ್ಲಕ್ಕೂ ಆ ಕಾರ್ಡ್ ಕೆಲಸಕ್ಕೆ ಬರುತ್ತೆ, ಕಂಪ್ಯೂಟರ್ ಸೈನ್ಸ್ ಆಗಿದ್ರಂತೂ ಖಂಡಿತ ಬರುತ್ತೆ.

ಪ್ರಶ್ನೆ: ಗುಡುಗು ಬಂದಾಗೆಲ್ಲ ಭಯ, ಹೋದ ವರ್ಷ ಪಕ್ಕದ ಮನೆ ಟಿವಿ, ರೂಟರ್ ಎರಡೂ ಸುಟ್ಟೋದ್ವು. ನಮ್ಮ ಪಿಎಸ್5 (ಪ್ಲೇಸ್ಟೇಷನ್ 5) ಕನ್ಸೋಲ್‌ಗೆ ಸ್ಟೆಬಿಲೈಸರ್ ಹಾಕಿದ್ದೀವಿ, ಸಾಕಲ್ವಾ? (ಓದುಗ, ಸೋಮವಾರಪೇಟೆ)

ಉತ್ತರ: ಸಾಕಾಗಲ್ಲ. ಸ್ಟೆಬಿಲೈಸರ್ ಮಾಡೋ ಕೆಲಸ ವೋಲ್ಟೇಜ್ 170ಕ್ಕೆ ಇಳಿದಾಗ, 260ಕ್ಕೆ ಏರಿದಾಗ ಅದನ್ನ ಸರಿ ಮಾಡೋದು. ಸಿಡಿಲಿನ ಸರ್ಜ್ ಬರೋದು ಮೈಕ್ರೋಸೆಕೆಂಡ್ ಲೆಕ್ಕದಲ್ಲಿ, ಸ್ಟೆಬಿಲೈಸರ್ ಒಳಗಿನ ರಿಲೇ ಟಕ್ ಅನ್ನೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಸ್ಪೈಕ್ ಗಾರ್ಡ್ ಸ್ವಲ್ಪ ಉಪಯೋಗ, ಅದರೊಳಗೆ ಎಂಒವಿ ಅಂತ ಒಂದು ಬಿಡಿಭಾಗ ಇರುತ್ತೆ, ವೋಲ್ಟೇಜ್ ಮೇಲಕ್ಕೆ ಹಾರಿದ್ರೆ ಅದು ತಾನು ಹೀರ್ಕೊಂಡು ಅರ್ಥ್‌ಗೆ ಕಳಿಸುತ್ತೆ, ಆದ್ರೆ ಪ್ರತಿ ಸಲ ಹೊಡೆತ ತಿಂದಾಗ ಸವೀತಾ ಹೋಗುತ್ತೆ, ಮತ್ತೆ ಮನೇಲಿ ಅರ್ಥಿಂಗೇ ಸರಿ ಇಲ್ಲಾಂದ್ರೆ ಅದರಿಂದಲೂ ಹೆಚ್ಚು ಪ್ರಯೋಜನ ಇಲ್ಲ. ಹಳೇ ಮನೆಯಾದ್ರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಚೆಕ್ ಮಾಡಿಸಿ, ಸಾವಿರಗಟ್ಟಲೆ ಕೊಟ್ಟು ಸ್ಪೈಕ್ ಗಾರ್ಡ್ ತರೋದು ಆಮೇಲೆ.

ಸಿಡಿಲು ಹತ್ರ ಬರೋ ಮುಂಚೆನೇ ಪ್ಲಗ್ ಎಳೀಬೇಕು, ಅದಕ್ಕಿಂತ ಗಟ್ಟಿ ಉಪಾಯ ಇಲ್ಲ, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ. ಪ್ಲಗ್ ಒಂದನ್ನೇ ಎಳೆದು ಬಿಡ್ಬೇಡಿ. ಟಿವಿಗೆ ಡಿಶ್ ಕೇಬಲ್ ಬಂದಿರುತ್ತೆ, ಟಿವಿಯಿಂದ ಎಚ್‌ಡಿಎಂಐ ಪಿಎಸ್5ಗೆ ಹೋಗಿರುತ್ತೆ, ರೂಟರ್‌ನಿಂದ ಲ್ಯಾನ್ ಕೇಬಲ್ ಬಂದಿರುತ್ತೆ, ಛಾವಣಿ ಮೇಲಿನ ಡಿಶ್‌ನಿಂದ ಒಳಗೆ ಬಂದ ಸರ್ಜ್ ಈ ದಾರಿ ಹಿಡ್ಕೊಂಡೇ ಕನ್ಸೋಲ್‌ವರೆಗೆ ಬರುತ್ತೆ. ಪಕ್ಕದ ಮನೇಲಿ ಟಿವಿ, ರೂಟರ್ ಎರಡೂ ಹೋಗಿದೆ ಅಂದ್ರೆ ಹೀಗೇ ಆಗಿರೋ ಸಾಧ್ಯತೆ ಜಾಸ್ತಿ. ಎಲ್ಲಾ ಕೇಬಲ್ ಬಿಡಿಸಿ ಇಡಿ.

ಕರೆಂಟ್ ಹೋಗೋದಕ್ಕೆ ಬೇರೆ ಪರಿಹಾರ. ಪಿಎಸ್5 ದೊಡ್ಡ ಗೇಮ್ ಆಡುವಾಗ ಸುಮಾರು 200 ವ್ಯಾಟ್ ಎಳೆಯುತ್ತೆ, ಮೇಲೆ ಟಿವಿ ಇದೆ, 600 ವಿಎ ಯುಪಿಎಸ್ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ, ಸೇವ್ ಮಾಡಿ ನೀಟಾಗಿ ಆಫ್ ಮಾಡೋಕೆ ಅದು ಸಾಕು, ಆಟ ಮುಂದುವರಿಸೋಕೆ ಸಾಲಲ್ಲ. ಮನೇಲಿ ಇನ್ವರ್ಟರ್ ಇದ್ರೆ ಅದರ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ, ಆ ಮೋಡ್‌ನಲ್ಲಿ ಕರೆಂಟ್ ಬದಲಾಗೋದು ಬೇಗ ಆಗುತ್ತೆ, ಕನ್ಸೋಲ್ ರೀಸ್ಟಾರ್ಟ್ ಆಗೋದು ಎಷ್ಟೋ ಕಮ್ಮಿ. ಗುಡುಗೋ ದಿನ ಸಿಸ್ಟಮ್ ಅಪ್‌ಡೇಟ್ ಮಾತ್ರ ಹಾಕ್ಬೇಡಿ, ಅಪ್‌ಡೇಟ್ ಅರ್ಧಕ್ಕೆ ನಿಂತ್ರೆ ಡೇಟಾ ಹಾಳಾಗ್ಬಹುದು.

ಪ್ರಶ್ನೆ: ಪಿಎಸ್5 ಪ್ರೋ ಯಾಕೆ ನಮ್ಮಲ್ಲಿ ಬರ್ಲಿಲ್ಲ, ಹೊರಗಿಂದ ತರಿಸ್ಲಾ? (ಓದುಗ, ಕುಶಾಲನಗರ)

ಉತ್ತರ: 2024ರ ನವೆಂಬರ್‌ನಲ್ಲಿ ಬೇರೆ ದೇಶಗಳಲ್ಲಿ ಬಿಟ್ಟಾಗ ಅದರ ವೈಫೈ 7ಗೆ ಬೇಕಾದ 6 ಗಿಗಾಹರ್ಟ್ಜ್ ಬ್ಯಾಂಡ್‌ಗೆ ಇಲ್ಲಿ ಅನುಮತಿ ಇರ್ಲಿಲ್ಲ, ಅದಕ್ಕೇ ಇಂಡಿಯಾ ಪಟ್ಟಿಯಿಂದ ಹೊರಗೆ ಉಳೀತು. ತರಿಸ್ಬೇಡಿ. ವಾರಂಟಿ ಇಲ್ಲದ ಅಷ್ಟು ದುಬಾರಿ ಸಾಮಾನು ಕೆಟ್ರೆ ಕುಶಾಲನಗರದಿಂದ ಎಲ್ಲಿಗೆ ಹೊತ್ಕೊಂಡು ಹೋಗ್ತೀರ? ಮಾಮೂಲಿ ಪಿಎಸ್5ನಲ್ಲಿ ಆಡೋಕಾಗದ ಗೇಮ್ ಪ್ರೋಗೆ ಅಂತ ಯಾವುದೂ ಇಲ್ಲ.

ಪ್ರಶ್ನೆ: ಡಿಸ್ಕ್ ಡ್ರೈವ್ ಇರೋ ಕನ್ಸೋಲ್ ತಗೋಬೇಕಾ, ಗೇಮ್ ಡೌನ್‌ಲೋಡ್ ಮಾಡಿಯೇ ಆಡೋ ಡಿಜಿಟಲ್ ಎಡಿಷನ್ನಾ? ಡಿಸ್ಕ್ ಎಲ್ಲ ಹಳೇ ಕಾಲದ್ದು ಅಂತ ಫ್ರೆಂಡ್ಸ್ ನಗ್ತಾರೆ. (ಓದುಗ, ಪೊನ್ನಂಪೇಟೆ)

ಉತ್ತರ: ಡಿಸ್ಕ್ ಇರೋದೇ ತಗೊಳ್ಳಿ, ನಗೋರು ನಗ್ಲಿ. ಈ ವಿಷಯದಲ್ಲಿ ನಂಗೆ ತುಂಬಾ ಗಟ್ಟಿ ಅಭಿಪ್ರಾಯ ಇದೆ, ಸ್ವಲ್ಪ ಉದ್ದ ಆಗುತ್ತೆ.

ಡಿಜಿಟಲ್ ಆಗಿ ಗೇಮ್ ತಗೊಂಡಾಗ ನೀವು ಗೇಮ್ ತಗೊಂಡಿರಲ್ಲ, ಆಡೋಕೆ ಲೈಸೆನ್ಸ್ ಅಂತ ಒಂದು ಅನುಮತಿ ತಗೊಂಡಿರ್ತೀರ, ಅದನ್ನ ಕಂಪನಿ ವಾಪಸ್ ತಗೋಬಹುದು ಅಂತ ನಾವು ಓದದೇ ಒಪ್ಪಿಗೆ ಒತ್ತೋ ಆ ಉದ್ದದ ಷರತ್ತಿನಲ್ಲೇ ಬರೆದಿರುತ್ತೆ. ಯೂಬಿಸಾಫ್ಟ್‌ನ ದಿ ಕ್ರೂ ಅನ್ನೋ ಕಾರ್ ರೇಸಿಂಗ್ ಗೇಮ್ 2014ರಲ್ಲಿ ಬಂದಿದ್ದು, ಒಬ್ಬರೇ ಆಡ್ಬೇಕಾದ್ರೂ ಸರ್ವರ್ ಬೇಕಿತ್ತು, 2024ರ ಮಾರ್ಚ್ 31ಕ್ಕೆ ಸರ್ವರ್ ಆಫ್ ಮಾಡಿದ್ರು, ದುಡ್ಡು ಕೊಟ್ಟು ತಗೊಂಡೋರಿಗೂ ಆವತ್ತಿಂದ ಗೇಮ್ ಇಲ್ಲ. ಡಿಸ್ಕ್ ಕೈಯಲ್ಲಿದ್ದೋರಿಗೂ ಇಲ್ಲ! ಆ ಸಿಟ್ಟಿಂದಲೇ ಯುರೋಪಿನಲ್ಲಿ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಂತ ಚಳವಳಿ ಶುರುವಾಗಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ನಂಗೆ ಆ ಚಳವಳಿ ಬಗ್ಗೆ ಪೂರ್ತಿ ಗೌರವ ಇದೆ. ಮಾರುವಾಗ ಪೂರ್ತಿ ದುಡ್ಡು ತಗೊಂಡು ಆಮೇಲೆ ಬಾಗಿಲು ಹಾಕೋದು ಅನ್ಯಾಯನೇ.

ಹಾಗಾಗಿ ಡಿಸ್ಕ್ ತಗೊಂಡ್ರೂ ಆ ಗೇಮ್ ನೆಟ್ ಇಲ್ಲದೆ ಓಡುತ್ತಾ ಅಂತ ಮೊದಲು ವಿಚಾರಿಸಿ. ಕೆಲವು ಡಿಸ್ಕ್‌ನಲ್ಲಿ ಪೂರ್ತಿ ಗೇಮ್ ಇರಲ್ಲ, 50 ಜಿಬಿ ಡೌನ್‌ಲೋಡ್ ಕೇಳುತ್ತೆ. ನಿಂಟೆಂಡೋ ಸ್ವಿಚ್ 2ರಲ್ಲಿ ಗೇಮ್ ಕೀ ಕಾರ್ಡ್ ಅಂತಾನೇ ಬಂದಿದೆ, ಕಾರ್ಡ್ ಒಳಗೆ ಗೇಮ್ ಇಲ್ಲ, ಡೌನ್‌ಲೋಡ್ ಮಾಡ್ಕೊಂಡು ಆಡುವಾಗ ಕಾರ್ಡ್ ಹಾಕಿರ್ಬೇಕು ಅಷ್ಟೇ, ನಂಗೆ ಅದು ಸ್ವಲ್ಪನೂ ಇಷ್ಟ ಇಲ್ಲ. ಪಿಸಿಲಿ ಆಡೋರಿಗೆ ಜಿಒಜಿ ಅನ್ನೋ ಅಂಗಡಿ ಇದೆ, ಇನ್‌ಸ್ಟಾಲರ್ ಫೈಲನ್ನೇ ಕೊಡ್ತಾರೆ, ಹಾರ್ಡ್ ಡಿಸ್ಕ್‌ಗೆ ಹಾಕಿಟ್ರೆ ಯಾವಾಗ ಬೇಕಾದ್ರೂ ನೆಟ್ ಇಲ್ಲದೆ ಹಾಕ್ಕೋಬಹುದು. ಸ್ಟೀಮ್ ಅನ್ನೋ ಇನ್ನೊಂದು ಪಿಸಿ ಗೇಮ್ ಅಂಗಡಿಲಿ ಆಫ್‌ಲೈನ್ ಮೋಡ್ ಇದೆ, ಮಳೆಗಾಲ ಶುರುವಾಗೋ ಮುಂಚೆನೇ ಬೇಕಾದ ಗೇಮ್ ಇಳಿಸಿ ಒಂದು ಸಲ ಓಪನ್ ಮಾಡಿ ಇಟ್ಕೊಳ್ಳಿ.

ಮತ್ತೆ ಡಿಸ್ಕ್‌ಗೆ ಕೈ ಬದಲಾಯಿಸೋ ಬೆಲೆ ಇದೆ. ನಮ್ಮ ಫ್ರೆಂಡ್ಸ್ ಗುಂಪಲ್ಲಿ ಒಂದು ಡಿಸ್ಕ್ ಮಡಿಕೇರಿಯಿಂದ ವಿರಾಜಪೇಟೆಗೆ, ಅಲ್ಲಿಂದ ಸಿದ್ದಾಪುರಕ್ಕೆ ಬಸ್ಸಲ್ಲಿ ಬರೋರ ಕೈಲಿ ಓಡಾಡ್ತಾನೇ ಇರುತ್ತೆ, ಎಲ್ಲರೂ ಆಡಿ ಮುಗಿದ್ಮೇಲೆ ಮಾರಿ ಆ ದುಡ್ಡಿಗೆ ಸ್ವಲ್ಪ ಸೇರಿಸಿ ಇನ್ನೊಂದು ತಗೋತೀವಿ. 4000, 5000 ರೂಪಾಯಿ ಗೇಮ್ ವಿದ್ಯಾರ್ಥಿಗಳು ಬೇರೆ ಹೇಗೆ ಆಡೋದು ಹೇಳಿ.

ಪ್ರಶ್ನೆ: ಮಗ ಎಂಟನೇ ಕ್ಲಾಸು, ದಿನಾ ಫೋನಲ್ಲಿ ಗನ್ ಗೇಮ್. ದುಡ್ಡಿನ ಗೇಮ್ ಎಲ್ಲ ಸರ್ಕಾರ ಬ್ಯಾನ್ ಮಾಡಿದೆ ಅಂದ್ರಲ್ಲ, ಮತ್ತೆ ಇವನು ಹೇಗೆ ದುಡ್ಡು ಹಾಕ್ತಿದ್ದಾನೆ? (ಗೃಹಿಣಿ, ವಿರಾಜಪೇಟೆ)

ಉತ್ತರ: ಆಂಟಿ, ಇಲ್ಲಿ ಎರಡು ಬೇರೆ ಬೇರೆ ಇದೆ. 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟ್ ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಲ್ಲಿಸಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಗಳನ್ನ, ರಮ್ಮಿ, ಪೋಕರ್, ದುಡ್ಡು ಹಾಕಿ ಟೀಮ್ ಕಟ್ಟೋ ಕ್ರಿಕೆಟ್ ಇಂಥವು. ನಿಮ್ಮ ಮಗ ಆಡ್ತಿರೋದು ಬಿಜಿಎಂಐ ಥರದ್ದು ಇರ್ಬೇಕು, ಅದರಲ್ಲಿ ದುಡ್ಡು ಗೆಲ್ಲೋದಿಲ್ಲ, ಡ್ರೆಸ್ಸು, ಗನ್ನಿನ ಬಣ್ಣ ಇಂಥದಕ್ಕೆ ದುಡ್ಡು ಕೊಡೋದು, ಅದಕ್ಕೆ ಬ್ಯಾನ್ ಇಲ್ಲ. ಅದರೊಳಗೇ ಕ್ರೇಟ್ ಅಂತ ಪೆಟ್ಟಿಗೆ ಇರುತ್ತೆ, ದುಡ್ಡು ಕೊಟ್ಟು ತೆಗೆದ್ರೆ ಏನು ಬರುತ್ತೆ ಅಂತ ಮೊದಲೇ ಗೊತ್ತಿರಲ್ಲ, ಬೇಕಾದ್ದು ಬರೋವರೆಗೆ ಮಕ್ಕಳು ತೆಗೀತಾನೇ ಇರ್ತಾರೆ. ಬೆಲ್ಜಿಯಂ ದೇಶದಲ್ಲಿ 2018ರಲ್ಲೇ ಇದನ್ನ ಜೂಜು ಅಂತ ಹೇಳಿದ್ರು. ನನ್ನ ಪ್ರಕಾರ ನಮ್ಮಲ್ಲೂ ಹದಿನೆಂಟು ತುಂಬದ ಮಕ್ಕಳಿಗೆ ಇದು ನಿಲ್ಬೇಕು.

ಇವತ್ತೇ ಮಾಡ್ಬೇಕಾದ್ದು, ನಿಮ್ಮ ಫೋನಿನ ಪ್ಲೇ ಸ್ಟೋರ್ ಸೆಟ್ಟಿಂಗ್‌ಗೆ ಹೋಗಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿ, ಅಲ್ಲಿ ಕಾರ್ಡ್, ಯುಪಿಐ ಏನಾದ್ರೂ ಸೇವ್ ಆಗಿದ್ರೆ ತೆಗೆದುಬಿಡಿ, ಆಟೋಪೇ ಹಾಕಿದೆಯಾ ಅಂತ ಯುಪಿಐ ಆ್ಯಪ್‌ನಲ್ಲೂ ನೋಡಿ. ಅವನಿಗೇ ಬೇರೆ ಫೋನ್ ಇದ್ರೆ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿ ಖರೀದಿಗೆ ನಿಮ್ಮ ಒಪ್ಪಿಗೆ ಬೇಕು ಅಂತ ಸೆಟ್ ಮಾಡಿ, ಪ್ಲೇ ಸ್ಟೋರ್ ಮೂಲಕ ಅವನೇನು ತಗೋಬೇಕಾದ್ರೂ ನಿಮ್ಮನ್ನ ಕೇಳುತ್ತೆ.

ಒಂದು ವಿಷಯ ಮಾತ್ರ ಅವನ ಪರವಾಗಿ ಹೇಳ್ತೀನಿ. ಆ ಗೇಮ್‌ನ ದೊಡ್ಡ ಮ್ಯಾಪ್‌ನಲ್ಲಿ ಒಂದು ಮ್ಯಾಚ್ ಅರ್ಧ ಗಂಟೆ ಹತ್ರ ಹೋಗುತ್ತೆ, ಮಧ್ಯದಲ್ಲಿ ನಿಲ್ಲಿಸಿ ಇಡೋಕಾಗಲ್ಲ, ಜೊತೆಗೆ ಇನ್ನೂ ಮೂರು ಜನ ಅವನ ಫ್ರೆಂಡ್ಸ್ ಇರ್ತಾರೆ. ಮಧ್ಯದಲ್ಲಿ ಫೋನ್ ಕಿತ್ಕೊಂಡ್ರೆ ಅವರ ಮುಂದೆ ಅವನಿಗೆ ಅವಮಾನ ಆಗುತ್ತೆ, ಜಗಳ ಶುರುವಾಗೋದೇ ಅಲ್ಲಿ. ಟೈಮ್ ಲೆಕ್ಕ ಬಿಟ್ಟು ದಿನಕ್ಕೆ ಇಷ್ಟು ಮ್ಯಾಚ್ ಅಂತ ಮಾತಾಡ್ಕೊಳ್ಳಿ, ಮ್ಯಾಚ್ ಮುಗಿದ್ಮೇಲೆ ಅವನೇ ಫೋನ್ ಕೊಡ್ತಾನೆ.

ಪ್ರಶ್ನೆ: ಐಪಿ68 ಫೋನ್ ಅಂದ್ರೆ ಮಳೇಲಿ ತೋಟಕ್ಕೆ ಧೈರ್ಯವಾಗಿ ತಗೊಂಡು ಹೋಗ್ಬಹುದಲ್ವಾ? (ಓದುಗರು, ಭಾಗಮಂಡಲ)

ಉತ್ತರ: ಹೋಗ್ಬಹುದು, ಆದ್ರೆ ಐಪಿ68 ಅನ್ನೋದು ಧೂಳು, ನೀರು ತಡೆಯೋ ರೇಟಿಂಗ್, ಅದರ ನೀರಿನ ಪರೀಕ್ಷೆ ಲ್ಯಾಬ್‌ನಲ್ಲಿ ಹೊಸಾ ಫೋನನ್ನ ಅಲುಗಾಡದ ಸಿಹಿನೀರಲ್ಲಿ ಇಟ್ಟು ಮಾಡಿದ್ದು. ಕೆಳಗೆ ಬಿದ್ದು ಬಾಡಿ ಸಣ್ಣದಾಗಿ ಬಾಗಿದ್ರೂ ಒಳಗಿನ ಗಮ್ ಬಿಟ್ಕೊಳ್ಳುತ್ತೆ, ಮತ್ತೆ ನೀರು ಹೋದ್ರೆ ವಾರಂಟಿ ಕೊಡೋದೂ ಅಪರೂಪ. ಭಾಗಮಂಡಲದ ಮಳೇಲಿ ನಿಜವಾಗಿ ಹಾಳಾಗೋದು ಚಾರ್ಜಿಂಗ್ ಪೋರ್ಟ್. ಒದ್ದೆ ಇರುವಾಗಲೇ ಟೈಪ್ ಸಿ ಚುಚ್ಚಿ ಇಟ್ರೆ ಪಿನ್ನುಗಳಿಗೆ ಹಸಿರು ಹಸಿರಾಗಿ ಪುಡಿ ಕಟ್ಟುತ್ತೆ, ಟಾರ್ಚ್ ಬಿಟ್ಟು ಪೋರ್ಟ್ ಒಳಗೆ ನೋಡಿದ್ರೆ ಕಾಣುತ್ತೆ, ಆಮೇಲೆ ವೈರ್ ಅಲ್ಲಾಡಿಸಿದ್ರಷ್ಟೇ ಚಾರ್ಜ್ ಆಗೋದು. ಮನೆಗೆ ಬಂದ್ಮೇಲೆ ಪೋರ್ಟ್ ಕೆಳಗೆ ಮಾಡಿ ಕೈಗೆ ತಟ್ಟಿ, ಫ್ಯಾನ್ ಗಾಳಿಗೆ ಇಡಿ. ಒಲೆ ಹತ್ರ ಇಡ್ಬೇಡಿ, ಬಿಸಿಗೆ ಬ್ಯಾಟರಿ ಹಾಳು. ಅಕ್ಕಿ ಡಬ್ಬಕ್ಕೂ ಹಾಕ್ಬೇಡಿ, ಅದರ ಪುಡಿ ಒಳಗೆ ಹೋಗುತ್ತೆ ಅಂತ ಆ್ಯಪಲ್‌ನವರೇ ಹೇಳಿದ್ದಾರೆ. ಕ್ಯಾಮೆರಾ, ಕಂಟ್ರೋಲರ್ ಇದ್ರೆ ಮುಚ್ಚಳ ಗಟ್ಟಿ ಇರೋ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಇಲ್ಲಾಂದ್ರೆ ಆಗಸ್ಟ್ ಹೊತ್ತಿಗೆ ಲೆನ್ಸ್‌ಗೆ ಬೂಷ್ಟು ಬಂದಿರುತ್ತೆ.

ಪ್ರಶ್ನೆ: ಫುಟ್‌ಬಾಲ್‌ಗೆ, ಕ್ರಿಕೆಟ್‌ಗೆ ಗೇಮ್ ಇದೆ. ನಮ್ಮ ಹಾಕಿಗೆ ಯಾಕಿಲ್ಲ? (ಓದುಗ, ಮೂರ್ನಾಡು)

ಉತ್ತರ: ಇದು ನಂದೂ ನೋವು. ಇಎ ಸ್ಪೋರ್ಟ್ಸ್‌ನವರು 1991ರಿಂದ ಎನ್‌ಎಚ್‌ಎಲ್ ತರ್ತಿದ್ದಾರೆ, ಆದ್ರೆ ಅದು ಐಸ್ ಹಾಕಿ. ಟರ್ಫ್ ಮೇಲೆ ಆಡೋ ನಮ್ಮ ಹಾಕಿಗೆ ಅಂಥ ದೊಡ್ಡ ಗೇಮ್ ಇಲ್ಲ, ಮಾರ್ಕೆಟ್ ಇಲ್ಲ ಅನ್ನೋದೇ ಕಾರಣ ಇರ್ಬೇಕು. ಆದ್ರೆ 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಈಗ ಮುನ್ನೂರರ ಮೇಲೆ ಟೀಮ್ ಬರ್ತಾವೆ, ಪ್ರತಿ ಟೀಮಿಗೂ ಒಂದು ಮನೆತನದ ಹೆಸರು, ಅಜ್ಜ ಮೊಮ್ಮಗ ಒಂದೇ ಟೀಮಲ್ಲಿ. ಗೇಮ್ ಮಾಡೋರಿಗೆ ಇದಕ್ಕಿಂತ ಒಳ್ಳೇ ಟೂರ್ನಮೆಂಟ್ ಮೋಡ್ ಎಲ್ಲಿ ಸಿಗುತ್ತೆ? ಯೂನಿಟಿ, ಗೋಡೋ ಇವೆಲ್ಲ ಫ್ರೀಯಾಗಿ ಕಲಿಯೋಕೆ ಸಿಗೋ ಗೇಮ್ ಇಂಜಿನ್‌ಗಳು, ಕಾಲೇಜಲ್ಲಿ ನಾಲ್ಕು ಜನ ಸೇರಿದ್ರೆ ಚಿಕ್ಕದಾಗಿ ಶುರು ಮಾಡ್ಬಹುದು. ಆಸಕ್ತಿ ಇದ್ರೆ ಪತ್ರಿಕೆಗೆ ಬರೀರಿ, ನಾನಂತೂ ರೆಡಿ.

ಪ್ರಶ್ನೆ: ಕರೆಂಟ್ ಇಲ್ಲದಾಗಲೂ ಆಡೋಕೆ ಸ್ಟೀಮ್ ಡೆಕ್ ತಗೊಳ್ಳೋಣ ಅಂತಿದ್ದೀನಿ. ಸರೀನಾ? (ಓದುಗ, ಸುಂಟಿಕೊಪ್ಪ)

ಉತ್ತರ: ಯೋಚನೆ ಸರಿ ಇದೆ, ನಮ್ಮ ಜಿಲ್ಲೆಗೆ ಹ್ಯಾಂಡ್‌ಹೆಲ್ಡ್‌ನಷ್ಟು (ಸ್ಕ್ರೀನ್, ಬ್ಯಾಟರಿ ಎಲ್ಲ ಒಳಗೇ ಇದ್ದು ಕೈಯಲ್ಲಿ ಹಿಡಿದು ಆಡೋ ಕನ್ಸೋಲ್) ಹೊಂದೋ ಗೇಮಿಂಗ್ ಸಾಮಾನು ಬೇರೆ ಇಲ್ಲ. 2023ರಲ್ಲಿ ಬಂದ ಸ್ಟೀಮ್ ಡೆಕ್ ಓಎಲ್‌ಇಡಿಲಿ 50 ವ್ಯಾಟ್ ಅವರ್ ಬ್ಯಾಟರಿ, ಭಾರೀ ಗೇಮ್ ಆದ್ರೆ ಮೂರು ಗಂಟೆ ಹತ್ರ, ಸಣ್ಣ ಗೇಮ್ ಆದ್ರೆ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತೆ. ಟೈಪ್ ಸಿಲಿ ಪಿಡಿ ಅನ್ನೋ ಫಾಸ್ಟ್ ಚಾರ್ಜಿಂಗ್ 45 ವ್ಯಾಟ್‌ನಲ್ಲಿ ಚಾರ್ಜ್ ಆಗುತ್ತೆ, ಹಾಗಾಗಿ ಪವರ್ ಬ್ಯಾಂಕ್ ತಗೊಳ್ಳುವಾಗ ಅದರ ಮೇಲೆ ಪಿಡಿ 45 ಅಥವಾ 65 ಅಂತ ಇದೆಯಾ ನೋಡಿ, 20,000 ಎಂಎಎಚ್ ಅಂದ್ರೆ 74 ವ್ಯಾಟ್ ಅವರ್, ಮಧ್ಯದಲ್ಲಿ ವೇಸ್ಟ್ ಆಗೋದು ಬಿಟ್ರೂ ಒಂದು ಫುಲ್ ಚಾರ್ಜ್ ಸಿಗುತ್ತೆ.

ತೊಂದ್ರೆ ಏನಂದ್ರೆ ವಾಲ್ವ್ ಕಂಪನಿ ಅದನ್ನ ಇಂಡಿಯಾದಲ್ಲಿ ನೇರವಾಗಿ ಮಾರಿಲ್ಲ, ಇಲ್ಲಿ ಸಿಗೋದೆಲ್ಲ ಹೊರಗಿಂದ ತಂದಿದ್ದು, ರಿಪೇರಿಗೆ ನೀವೇ ಹೊಣೆ. ಏಸಸ್‌ನ ರಾಗ್ ಆಲೈ 2023ರಿಂದ ಇಲ್ಲೇ ಬಿಲ್ ಸಮೇತ ಸಿಗುತ್ತೆ, ವಿಂಡೋಸ್ ಇರೋದ್ರಿಂದ ಆಟದ ಮಧ್ಯೆ ಸ್ಲೀಪ್‌ಗೆ ಹಾಕಿ ಎಬ್ಬಿಸೋದು ಡೆಕ್‌ನಷ್ಟು ನಯ ಇಲ್ಲ, ಮೊದಲ ಮಾಡೆಲ್‌ನಲ್ಲಿ ಬ್ಯಾಟರಿ 40 ವ್ಯಾಟ್ ಅವರ್ ಅಷ್ಟೇ, ಆದ್ರೂ ವಾರಂಟಿ ಇದೆಯಲ್ಲ, ನಾನಾದ್ರೆ ಅದನ್ನೇ ತಗೋತೀನಿ. ಬಜೆಟ್ ಅಷ್ಟಿಲ್ಲ ಅಂದ್ರೆ ಇರೋ ಫೋನಿಗೇ ಒಂದು ಬ್ಲೂಟೂತ್ ಕಂಟ್ರೋಲರ್ ತಗೊಳ್ಳಿ, ಸ್ಟಿಕ್ ಹಾಲ್ ಎಫೆಕ್ಟ್ ಇರೋದೇ ಕೇಳಿ, ಅದರಲ್ಲಿ ಉಜ್ಜಿ ಸವೆಯೋ ಪಟ್ಟಿ ಬದಲು ಮ್ಯಾಗ್ನೆಟ್ ಇರೋದ್ರಿಂದ ತಾನಾಗೇ ಒಂದು ಕಡೆ ಎಳೆಯೋ ಡ್ರಿಫ್ಟ್ ಕಾಟ ತುಂಬಾ ಕಮ್ಮಿ. ಆಫ್‌ಲೈನ್ ಓಡೋ ಗೇಮ್‌ಗಳನ್ನ ಮೇ ತಿಂಗಳಲ್ಲೇ ಇಳಿಸಿಟ್ಕೊಳ್ಳಿ.